ಮೂಗಕ್ಕ ಬಾಡಿಗೆಗೆ ಕೊಟ್ಟ ಜಾಗ

ಸೋಪಿನ ಕಾರ್ಖಾನೆಯಲ್ಲಿ ಅವಳಿಗೆ ಮೂಗಕ್ಕ ಎಂದು ಮೊದಲು ಹೆಸರಿಟ್ಟವರು ಯಾರೆಂದು ಯಾರಿಗೂ ನೆನಪಿಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷಕ್ಕೇ ಆ ಹೆಸರು ಬಿದ್ದಿತ್ತು. ಹಾಜರಿ ಪುಸ್ತಕದಲ್ಲಿದ್ದ ನಿಜವಾದ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು.

ಅವಳ ಕೆಲಸ ವಾಸನೆ ನೋಡುವುದು. ಬೆಳಿಗ್ಗೆ ಎಂಟಕ್ಕೆ, ಹಿಂದಿನ ದಿನ ತಯಾರಾದ ಸೋಪಿನ ಚೂರುಗಳು ಒಂದೊಂದು ಬಿಳಿ ತಟ್ಟೆಯಲ್ಲಿ ಅವಳ ಮೇಜಿಗೆ ಬರುತ್ತಿದ್ದವು. ಅವಳು ಚೂರನ್ನು ಉಗುರಿನಿಂದ ಕೆರೆದು, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಒಂದೇ ಒಂದು ಸಲ ಉಸಿರೆಳೆದುಕೊಳ್ಳುತ್ತಿದ್ದಳು. "ಎಣ್ಣೆ ಕಮಟಾಗಿದೆ" ಎಂದರೆ ಇಡೀ ಬ್ಯಾಚು ಅಲ್ಲೇ ನಿಲ್ಲುತ್ತಿತ್ತು. "ಹೋಗ್ಲಿ" ಎಂದರೆ ಲಾರಿ ಹತ್ತುತ್ತಿತ್ತು. ಇಪ್ಪತ್ತೆರಡು ವರ್ಷ ಅವಳ ಮಾತನ್ನು ಯಾರೂ ಮರುಪರೀಕ್ಷೆ ಮಾಡಿರಲಿಲ್ಲ. ಒಮ್ಮೆ ಮ್ಯಾನೇಜರು ಪಕ್ಕದಲ್ಲಿ ಹಾದುಹೋದಾಗ ತಲೆ ಎತ್ತದೆಯೇ, "ಸಿಗರೇಟು ಬಿಟ್ಟುಬಿಟ್ಟೆ ಅಂದಿದ್ರಲ್ಲ ಸಾರ್?" ಎಂದು ಕೇಳಿದ್ದಳು. ಆ ಮಾತನ್ನು ಇಡೀ ಕಾರ್ಖಾನೆ ವಾರಗಟ್ಟಲೆ ಹೇಳಿಕೊಂಡು ನಕ್ಕಿತ್ತು.

ನಲವತ್ತಾರನೇ ವಯಸ್ಸಿನಲ್ಲಿ ಅವಳಿಗೆ ಒಂಬತ್ತು ದಿನ ಜ್ವರ ಬಂತು. ಹತ್ತನೇ ದಿನ ಎದ್ದು ಸ್ನಾನ ಮಾಡಿ ಕೆಲಸಕ್ಕೆ ಹೋದಳು. ಮೊದಲ ತಟ್ಟೆಯ ಚೂರನ್ನು ಕೆರೆದು ಮೂಗಿಗೆ ಹಿಡಿದಳು. ಏನೂ ಬರಲಿಲ್ಲ. ಎರಡನೇ ತಟ್ಟೆ, ಮೂರನೇ ತಟ್ಟೆ ನೋಡಿದಳು. ಗಾಳಿ ಒಳಗೆ ಹೋಗಿ ಹೊರಗೆ ಬರುತ್ತಿತ್ತು, ಅಷ್ಟೇ. ನೆಗಡಿ ಇನ್ನೂ ಪೂರ್ತಿ ಬಿಟ್ಟಿಲ್ಲ ಎಂದುಕೊಂಡು, ಬಣ್ಣ ನೋಡಿ, ಬೆರಳಿನಲ್ಲಿ ಒತ್ತಿ ನೋಡಿ, ಎಲ್ಲದಕ್ಕೂ "ಹೋಗ್ಲಿ" ಎಂದಳು.

ಹದಿನಾರು ದಿನ ಹಾಗೆಯೇ ನಡೆಯಿತು. ಹದಿನೇಳನೇ ದಿನ ಎರಡು ಲಾರಿ ಸೋಪು ಹಾಗೆಯೇ ವಾಪಸ್ಸು ಬಂತು. ಗೇಟಿನ ಕಾವಲುಗಾರ ಸಹ ಮೂಗು ಮುಚ್ಚಿಕೊಂಡು ನಿಂತಿದ್ದ. ಮ್ಯಾನೇಜರು ಒಂದು ಸೋಪು ತಂದು ಅವಳ ಮೇಜಿನ ಮೇಲಿಟ್ಟರು. ಅವಳು ಅದನ್ನು ಮುಟ್ಟಲಿಲ್ಲ.

"ಯಾವಾಗಿಂದ ಹೀಗೆ?" ಎಂದು ಕೇಳಿದರು.

"ಜ್ವರ ಬಂದಾಗಿಂದ."

"ಇಷ್ಟು ದಿನ ಬಾಯಿ ಬಿಡಬಾರದಿತ್ತಾ?"

"ಇವತ್ತು ಬರುತ್ತೆ, ನಾಳೆ ಬರುತ್ತೆ ಅಂದ್ಕೊಂಡಿದ್ದೆ ಸಾರ್."

ಅವರು ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಲೇಬಲ್ಲುಗಳ ಗೋದಾಮಿಗೆ ಹಾಕಿದರು. ಕಾಗದದ ಕಟ್ಟುಗಳನ್ನು ಎಣಿಸಿ ಕೊಡುವುದು, ಎಣಿಸಿ ತೆಗೆದುಕೊಳ್ಳುವುದು. ಸಂಬಳ ಸ್ವಲ್ಪ ಕಡಿಮೆಯಾಯಿತು. ಅದಕ್ಕಿಂತ ಹೆಚ್ಚು ನೋವಾದದ್ದು ಬೇರೆಯದಕ್ಕೆ. ಅವಳ ಮನಸ್ಸಿಗೆ ಚುಚ್ಚಬಾರದೆಂದು ಎಲ್ಲರೂ ಮೂಗಕ್ಕ ಎಂದು ಕರೆಯುವುದನ್ನು ನಿಲ್ಲಿಸಿದರು. "ಇವರೇ, ಸ್ವಲ್ಪ ಇಲ್ಲಿ ನೋಡಿ" ಎನ್ನತೊಡಗಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಅವಳಿಗೆ ತನ್ನನ್ನು ಯಾರೋ ಬಾಗಿಲಾಚೆ ನಿಲ್ಲಿಸಿ ಮಾತಾಡಿಸುತ್ತಿದ್ದಾರೆ ಅನ್ನಿಸುತ್ತಿತ್ತು.

ವೈದ್ಯರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, "ಬಂದರೆ ಬರಬಹುದು, ಬರದೇನೂ ಇರಬಹುದು" ಎಂದರು. ಊರಿನ ಇನ್ನೊಂದು ತುದಿಯಲ್ಲಿದ್ದ ಅಕ್ಕ ಫೋನಿನಲ್ಲಿ, "ಕಣ್ಣು ಹೋಗಿಲ್ಲ, ಕಿವಿ ಹೋಗಿಲ್ಲ, ಕೈಕಾಲು ನೆಟ್ಟಗಿದೆ. ಇದನ್ನೇ ದೊಡ್ಡದು ಮಾಡ್ಕೊಂಡು ಕೂತ್ಕೋಬೇಡ ಕಣೇ. ಚರಂಡಿ ನಾತ ಬರಲ್ಲ ಅಂತ ಖುಷಿ ಪಡು" ಎಂದಳು. ಆಮೇಲೆ ಅವಳು ಅಕ್ಕನ ಹತ್ತಿರ ಆ ಮಾತೇ ಎತ್ತಲಿಲ್ಲ.

ಮದುವೆಯಾಗಿರಲಿಲ್ಲ. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಊಟಕ್ಕೆ ಬಿಸಿ, ತಣ್ಣಗೆ, ಉಪ್ಪು, ಖಾರ ಎಂಬಷ್ಟೇ ರುಚಿ ಉಳಿದಿತ್ತು. ಹಸಿವಾಗಿದೆ ಅನ್ನಿಸುವ ಬದಲು ಗಡಿಯಾರ ನೋಡಿ ಉಣ್ಣುತ್ತಿದ್ದಳು. ಹಾಲು ಕೆಟ್ಟಿದೆಯೋ ಇಲ್ಲವೋ ತಿಳಿಯದೆ ಎರಡು ಸಲ ಹೊಟ್ಟೆ ಕೆಡಿಸಿಕೊಂಡಳು. ಇದೆಲ್ಲದಕ್ಕಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು ತನ್ನ ಮೈಯ ಬಗೆಗಿನ ಅನುಮಾನ. ಬೆವರಿನ ವಾಸನೆ ಬರುತ್ತಿದೆಯೋ, ಬಟ್ಟೆ ಮುಗ್ಗಲು ಹಿಡಿದಿದೆಯೋ, ಬಾಯಿ ನಾರುತ್ತಿದೆಯೋ, ಯಾರನ್ನು ಕೇಳುವುದು? ದಿನಕ್ಕೆ ಎರಡು ಸಲ, ರಜೆಯ ದಿನ ಮೂರು ಸಲ ಸ್ನಾನ ಮಾಡಿದಳು. ಯಾರಾದರೂ ಮಾತಾಡುವಾಗ ತಲೆ ಆಚೆ ತಿರುಗಿಸಿದರೆ ಸಾಕು, ಜೀವ ಹಿಡಿಯಷ್ಟಾಗುತ್ತಿತ್ತು. ಕ್ಯಾಂಟೀನಿನಲ್ಲಿ ಕೊನೆಯ ಮೇಜಿಗೆ ಹೋದಳು. ಕ್ರಮೇಣ ಡಬ್ಬಿಯನ್ನು ಗೋದಾಮಿನಲ್ಲೇ ತೆರೆದು ಉಣ್ಣತೊಡಗಿದಳು.

ಆ ಗೋದಾಮಿನ ಪಕ್ಕದ ಕೋಣೆಯಲ್ಲಿ ಲೇಬಲ್ಲುಗಳ ವಿನ್ಯಾಸ ಮಾಡುವವನೊಬ್ಬ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಅವಳು ಒಂದು ಹಳೆಯ ಲೇಬಲ್ಲಿನ ಹಿಂಬದಿಯಲ್ಲಿ ಏನನ್ನೋ ಬರೆಯುತ್ತಿರುವುದನ್ನು ಅವನು ಒಂದು ದಿನ ನೋಡಿದ. ಮೂಗಿನ ಸಹಾಯವಿಲ್ಲದೆ ಹಾಲು ಕೆಟ್ಟಿದ್ದನ್ನು ಹೇಗೆ ತಿಳಿಯುವುದು, ಪಾತ್ರೆ ಸೀಯುವ ಮೊದಲು ಹೇಗೆ ಗೊತ್ತುಮಾಡಿಕೊಳ್ಳುವುದು, ಬಟ್ಟೆಯನ್ನು ಯಾವ ಲೆಕ್ಕದಲ್ಲಿ ಒಗೆಯುವುದು ಎಂದು ಅವಳು ತನಗಾಗಿ ಬರೆದುಕೊಂಡ ಟಿಪ್ಪಣಿ ಅದು.

"ಇದು ಬೇರೆಯವರಿಗೂ ಬೇಕಾಗುತ್ತೆ. ಒಂದು ವೆಬ್‌ಸೈಟ್ ಮಾಡಿಕೊಡ್ತೀನಿ, ಅದರಲ್ಲಿ ಹಾಕಿ" ಎಂದ.

"ಯಾರು ಓದ್ತಾರೆ? ಮೂಗು ಹೋದವರು ಎಷ್ಟು ಜನ ಇರ್ತಾರೆ?"

"ಇದ್ದರೆ ಬರ್ತಾರೆ. ಇಲ್ಲದಿದ್ದರೆ ನಿಮ್ಮ ಟಿಪ್ಪಣಿ ಕಳೆದುಹೋಗದ ಹಾಗಾದ್ರೂ ಇರುತ್ತೆ."

ಮೊದಲ ತಿಂಗಳು ಪುಟ ತೆರೆದದ್ದು ಹನ್ನೊಂದು ಸಲ. ಅದರಲ್ಲಿ ಏಳು ಸಲ ಅವಳೇ. ಆದರೆ ಆರು ತಿಂಗಳಾಗುವಷ್ಟರಲ್ಲಿ ಎಲ್ಲೆಲ್ಲಿಂದಲೋ ಪತ್ರಗಳು ಬಂದವು. ತಲೆಗೆ ಪೆಟ್ಟು ಬಿದ್ದು ವಾಸನೆ ಕಳೆದುಕೊಂಡ ಬಸ್ ಡ್ರೈವರು, ಹುಟ್ಟಿದಾಗಿನಿಂದಲೇ ವಾಸನೆ ಎಂದರೇನೆಂದು ಗೊತ್ತಿಲ್ಲದ ಕಾಲೇಜು ಹುಡುಗಿ, ಹಸುಗೂಸಿನ ನೆತ್ತಿ ಮೂಸಿದರೆ ಏನೂ ಬರುವುದಿಲ್ಲ ಎಂದು ನಾಲ್ಕೇ ಸಾಲು ಬರೆದ ಬಾಣಂತಿ. ಅವಳು ಎಲ್ಲರಿಗೂ ಉತ್ತರ ಬರೆದಳು. ಕೆಳಗೆ ಸಹಿ ಮಾಡುವಾಗ ಒಂದು ಕ್ಷಣ ಯೋಚಿಸಿ "ಮೂಗಕ್ಕ" ಎಂದೇ ಹಾಕಿದಳು.

ಎರಡನೇ ವರ್ಷ ಓದುಗರು ಸಾವಿರ ದಾಟಿದರು. ತಾಣ ನಡೆಸುವ ಖರ್ಚು ಅವಳ ಕೈಯಿಂದಲೇ ಹೋಗುತ್ತಿತ್ತು. ಲೇಬಲ್ ಕೋಣೆಯವನು, "ಜಾಹೀರಾತು ಹಾಕೋಣ. ಪುಟಕ್ಕೆ ಒಂದು ತುಂಡು ಕೋಡ್ ಸೇರಿಸಿದರೆ ಸಾಕು, ಜಾಹೀರಾತು ತಾನಾಗೇ ಬರುತ್ತೆ, ದುಡ್ಡೂ ತಾನಾಗೇ ಬರುತ್ತೆ" ಎಂದ.

ಜಾಹೀರಾತು ತಾನಾಗೇ ಬಂತು. "ವಾಸನೆ" ಎಂಬ ಪದವನ್ನು ಪುಟದ ತುಂಬ ಕಂಡ ಯಂತ್ರ ತನಗೆ ತಿಳಿದಂತೆ ಆರಿಸಿತ್ತು. ಮೇಲ್ಗಡೆ ಸುಗಂಧದ ಬಾಟಲಿ, ಪಕ್ಕದಲ್ಲಿ ಕೋಣೆಗೆ ಸಿಂಪಡಿಸುವ ಪರಿಮಳ, ಕೆಳಗೆ ಹೂವಿನ ನಡುವೆ ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಿರುವ ಒಬ್ಬ ಹೆಂಗಸು. ಅದನ್ನು ನೋಡಿದ ಬಸ್ ಡ್ರೈವರು ಬರೆದ: "ಅಕ್ಕಾ, ನಮ್ಮನ್ನ ಅಣಕಿಸೋಕೆ ದುಡ್ಡು ಬೇರೆ ತಗೋತೀರಾ?"

ಅವಳು ಆ ದಿನವೇ ಎಲ್ಲವನ್ನೂ ತೆಗೆಸಿಹಾಕಿದಳು. ತಲೆಬರಹದ ಕೆಳಗೆ ಆಚೆಯಿಂದ ಈಚೆಗೆ ಉದ್ದಕ್ಕೆ ಒಂದು ಪಟ್ಟಿಯಷ್ಟು ಜಾಗ ಖಾಲಿ ಉಳಿಯಿತು. ಅದರಲ್ಲಿ, ಮನೆಯ ಮುಂದೆ ಫಲಕ ತೂಗುಹಾಕಿದ ಹಾಗೆ, "ಈ ಜಾಗ ಬಾಡಿಗೆಗೆ ಇದೆ. ವಾಸನೆ ಬಾರದವರಿಗೆ ಉಪಯೋಗವಾಗುವ ವಸ್ತು ಮಾತ್ರ" ಎಂದು ಬರೆಸಿ ತನ್ನ ಫೋನ್ ನಂಬರು ಹಾಕಿದಳು.

ಮೂರು ತಿಂಗಳು ಯಾರೂ ಕರೆ ಮಾಡಲಿಲ್ಲ. ನಾಲ್ಕನೇ ತಿಂಗಳು ಒಂದು ಬೆಳಿಗ್ಗೆ ಫೋನ್ ಬಂತು. ಆಚೆ ಕಡೆ ಸುತ್ತಿಗೆ ಸದ್ದು, ಯಾವುದೋ ಯಂತ್ರದ ಗುಂಯ್ ಸದ್ದು, ಅದರ ಮೇಲೆ ಒಬ್ಬ ಗಂಡಸಿನ ದೊಡ್ಡ ಗಂಟಲು.

"ಮೇಡಂ, ಗ್ಯಾಸ್ ಸೋರಿದ್ರೆ ಕೂಗೋ ಅಲಾರಂ ಮಾಡ್ತೀವಿ ನಾವು. ನಿಮ್ಮ ಜಾಗ ನನಗೆ ಬೇಕು. ಎಷ್ಟು?"

ಅವಳು ಬೆಲೆಯನ್ನೇ ಯೋಚಿಸಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದಳು.

"ಅಷ್ಟೇನಾ? ಯಾಕೆ ಇಷ್ಟು ಕಮ್ಮಿ ಹೇಳ್ತೀರಿ? ವ್ಯಾಪಾರ ಮಾಡೋಕೆ ಬರಲ್ವಾ ನಿಮಗೆ?" ಎಂದು ಬೈದು, ಅವರೇ ದುಪ್ಪಟ್ಟು ಮಾಡಿದರು. "ಆದ್ರೆ ಒಂದು ಕರಾರು. ಪ್ರತಿ ತಿಂಗಳು ಒಂದನೇ ತಾರೀಕು ನಾನು ಫೋನ್ ಮಾಡ್ತೀನಿ. ಎಷ್ಟು ಜನ ಬಂದ್ರು, ಎಷ್ಟು ಜನ ಬ್ಯಾನರ್ ಒತ್ತಿದ್ರು, ನೀವು ಬಾಯಲ್ಲಿ ಹೇಳ್ಬೇಕು. ಆ ಕಾಗದ ಪತ್ರ ಎಲ್ಲ ನನ್ನ ತಲೆಗೆ ಹತ್ತಲ್ಲ."

ಹಾಗೆ ಅಲಾರಂ ಯಜಮಾನರ ಪರಿಚಯವಾಯಿತು. ಮೊದಲು ಮನೆಮನೆಗೆ ಹೋಗಿ ಒಲೆ ರಿಪೇರಿ ಮಾಡುತ್ತಿದ್ದವರು. ವಯಸ್ಸಾದವರ ಎಷ್ಟೋ ಮನೆಗಳಲ್ಲಿ ಕೊಳವೆ ಸೋರುತ್ತಿದ್ದರೂ ಒಳಗಿದ್ದವರಿಗೆ ಗೊತ್ತೇ ಆಗಿರುತ್ತಿರಲಿಲ್ಲವಂತೆ. ಅದನ್ನು ಕಂಡು ಈ ಕೆಲಸಕ್ಕೆ ಇಳಿದಿದ್ದರು. ಎಂಟು ಜನ ಕೂತು ಕೆಲಸ ಮಾಡುವ ಸಣ್ಣ ಕಾರ್ಖಾನೆ. ಬ್ಯಾನರಿನ ಮೇಲೆ ಒಂದು ಕೆಂಪು ಡಬ್ಬಿಯ ಚಿತ್ರ, ಪಕ್ಕದಲ್ಲಿ "ನಿಮ್ಮ ಪರವಾಗಿ ಇದು ಮೂಸುತ್ತದೆ" ಎಂಬ ಒಂದೇ ಸಾಲು. ಸಾಲು ಬರೆದದ್ದು ಮೂಗಕ್ಕ. ಅವರು ಬರೆದು ಕಳಿಸಿದ್ದ ಹನ್ನೆರಡು ಸಾಲುಗಳನ್ನು ಅವಳು ಹೊಡೆದುಹಾಕಿದ್ದಳು.

ಒಂದನೇ ತಾರೀಕಿನ ಫೋನು ಹತ್ತು ಗಂಟೆಗೆ ಬರುತ್ತಿತ್ತು. ಮೊದಮೊದಲು ಎರಡು ನಿಮಿಷದ ಮಾತು. ಅವಳು ಸಂಖ್ಯೆ ಹೇಳುತ್ತಿದ್ದಳು, ಅವರು "ಪರವಾಗಿಲ್ಲ" ಅಥವಾ "ಏನ್ ಮೇಡಂ, ಈ ತಿಂಗಳು ಮಲಗಿಬಿಟ್ಟಿದೆಯಲ್ಲ" ಎನ್ನುತ್ತಿದ್ದರು. ನಿಧಾನವಾಗಿ ಮಾತು ಬೆಳೆಯಿತು. ಕೆಲಸದವರು ಕೈಕೊಟ್ಟದ್ದು, ಮಂಡಿನೋವು, ತಮ್ಮ ಅಲಾರಂ ತಮ್ಮದೇ ಮನೆಯಲ್ಲಿ ಸುಮ್ಮಸುಮ್ಮನೆ ಕೂಗಿ ಸೊಸೆ ಅದರ ಬಾಯಿಗೆ ಬಟ್ಟೆ ತುರುಕಿದ್ದು, ಎಲ್ಲವನ್ನೂ ಹೇಳುತ್ತಿದ್ದರು. ಅವಳು ನಗುತ್ತಿದ್ದಳು. ಫೋನ್ ಇಟ್ಟ ಮೇಲೆ, ಈ ತಿಂಗಳಲ್ಲಿ ಬಾಯಿಬಿಟ್ಟು ನಕ್ಕದ್ದು ಇದೇ ಮೊದಲು ಎಂದು ಹೊಳೆದು, ಗೋದಾಮಿನ ಕಟ್ಟುಗಳ ನಡುವೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದಳು. ಆ ಕರೆಗೆ ಅವಳು ಮೂವತ್ತು ದಿನ ಕಾಯುತ್ತಿದ್ದಳೆಂಬುದು ಅವರಿಗೆ ಗೊತ್ತಿರಲಿಲ್ಲ. ಅವಳೂ ಅದನ್ನು ತನಗೆ ತಾನೇ ಒಪ್ಪಿಕೊಂಡಿರಲಿಲ್ಲ.

ಆ ಬ್ಯಾನರ್ ಹಾಕಿದ ಐದನೇ ವರ್ಷ ಇನ್ನೊಂದು ಕರೆ ಬಂತು. ನಯವಾದ ದನಿಯ ಹೆಂಗಸು. ಮೂಗಿಗೆ ಬಿಡುವ ಎಣ್ಣೆ, ನಲವತ್ತು ದಿನದಲ್ಲಿ ವಾಸನೆ ಗ್ಯಾರಂಟಿ ವಾಪಸ್ಸು. ಪುಟದ ಪಕ್ಕದಲ್ಲಿದ್ದ ಖಾಲಿ ಜಾಗಕ್ಕೆ ಅಲಾರಂ ಯಜಮಾನರು ಕೊಡುವುದರ ನಾಲ್ಕು ಪಟ್ಟು ಕೊಡುತ್ತಾರಂತೆ. ಮೂಗಕ್ಕ, "ಮೊದಲು ಒಂದು ಸೀಸೆ ಕಳಿಸಿ, ನೋಡಿ ಹೇಳ್ತೀನಿ" ಎಂದಳು.

ಓದುಗರಿಗಾಗಿ ಪರೀಕ್ಷೆ ಮಾಡುತ್ತಿದ್ದೇನೆ ಎಂದುಕೊಂಡಳು. ನಿಜ ಹೇಳಬೇಕೆಂದರೆ ಅವಳಿಗೆ ಆಸೆಯಾಗಿತ್ತು. ಬೆಳಿಗ್ಗೆ ಎರಡು ಹನಿ, ಸಂಜೆ ಎರಡು ಹನಿ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಚುಕ್ಕಿ ಇಟ್ಟಳು. ಮೂವತ್ತೊಂದನೇ ದಿನ ಮೆಟ್ಟಿಲು ಇಳಿಯುವಾಗ ಹಸಿ ಸುಣ್ಣದ ವಾಸನೆ ಬಂದ ಹಾಗಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕೆಳಗಿನ ಮನೆಗೆ ಸುಣ್ಣ ಬಳಿಯುತ್ತಿದ್ದಾರೆಯೇ ಎಂದು ಹೋಗಿ ನೋಡಿದಳು. ಬಾಗಿಲು ಹಾಕಿತ್ತು, ಗೋಡೆಗಳು ಒಣಗಿಕೊಂಡು ಹಳೆಯ ಬಣ್ಣದಲ್ಲೇ ಇದ್ದವು. ಮನಸ್ಸು ತಾನೇ ಹುಟ್ಟಿಸಿಕೊಂಡ ವಾಸನೆ ಅದು. ಆದರೂ ನಲವತ್ತು ದಿನ ಮುಗಿಸಿದಳು. ನಲವತ್ತೊಂದನೇ ದಿನ ಒಂದು ಸೋಪನ್ನು ಕೆರೆದು ಮೂಗಿಗೆ ಹಿಡಿದಳು. ಗಾಳಿ ಒಳಗೆ ಹೋಯಿತು, ಹೊರಗೆ ಬಂತು.

ಆದದ್ದನ್ನು ಇದ್ದ ಹಾಗೇ ಬರೆದು ಪುಟಕ್ಕೆ ಹಾಕಿದಳು. ಓದುಗರು ಮೆಚ್ಚಿಕೊಳ್ಳುತ್ತಾರೆಂದು ಭಾವಿಸಿದ್ದಳು. ಕೆಲವರು ಮೆಚ್ಚಿದರು. ಹೆಚ್ಚಿನವರಿಗೆ ಕೋಪ ಬಂತು. "ನಿಮಗೆ ಆಗಲಿಲ್ಲ ಅಂದ್ರೆ ನಮಗೂ ಆಗಬಾರದಾ?" ಎಂದು ಒಬ್ಬರು ಬರೆದರು. "ನಿಮ್ಮ ಪುಟ ಓದಿದ್ರೆ ಇದ್ದ ಧೈರ್ಯಾನೂ ಹೋಗುತ್ತೆ" ಎಂದು ಇನ್ನೊಬ್ಬರು. ಆ ತಿಂಗಳು ಓದುಗರ ಸಂಖ್ಯೆ ಅರ್ಧಕ್ಕೆ ಇಳಿಯಿತು.

ಒಂದನೇ ತಾರೀಕು ಅವಳು ಅಳುಕುತ್ತಲೇ ಸಂಖ್ಯೆ ಹೇಳಿದಳು. "ನೀವು ಕೊಡೋದ್ರಲ್ಲಿ ಅರ್ಧ ಕೊಟ್ಟರೆ ಸಾಕು" ಎಂದೂ ಸೇರಿಸಿದಳು.

ಅಲಾರಂ ಯಜಮಾನರು ಸುತ್ತಿಗೆ ನಿಲ್ಲಿಸುವಂತೆ ಯಾರಿಗೋ ಕೂಗಿ ಹೇಳಿದರು.  "ನೀವು ಬರೆದಿದ್ದು ಓದಿದೆ ಮೇಡಂ," ಎಂದರು ಆಮೇಲೆ. "ನಲವತ್ತು ದಿನ ಒಬ್ಬರೇ ಕಾಯ್ತಿದ್ರಲ್ಲ. ಯಾರಿಗಾದ್ರೂ ಹೇಳ್ಬೇಕಿತ್ತು." ಹಣ ಎಂದಿನಷ್ಟೇ ಬಂತು.

ಬ್ಯಾನರಿನ ಏಳನೇ ವರ್ಷದ ಒಂದು ತಿಂಗಳು ಕರೆ ಬರಲಿಲ್ಲ. ಹತ್ತಾಯಿತು, ಹನ್ನೊಂದಾಯಿತು. ಮೂರು ದಿನ ಕಳೆದ ಮೇಲೆ ಫೋನ್ ಬಂತು. ಹಿಂದೆ ಯಾವ ಸದ್ದೂ ಇರಲಿಲ್ಲ.

"ಫೋನಲ್ಲಿ ಹೇಳೋ ಮಾತಲ್ಲ. ಶನಿವಾರ ನಿಮ್ಮ ಊರಿಗೆ ಬರ್ತೀನಿ. ಬಸ್ ನಿಲ್ದಾಣದ ಹತ್ತಿರ ಎಲ್ಲಾದ್ರೂ ಸಿಗ್ತೀರಾ?"

ಶನಿವಾರ ಅವಳು ಮೂರು ಸಲ ಸ್ನಾನ ಮಾಡಿದಳು. ಹೊಸದಾಗಿ ಒಗೆದ ಬಟ್ಟೆ ಉಟ್ಟಳು. ಲವಂಗ ಅಗಿದು ಉಗುಳಿದಳು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ ಕೂತಿದ್ದ ಮನುಷ್ಯ ಆ ದೊಡ್ಡ ಗಂಟಲಿಗೆ ಹೊಂದದಷ್ಟು ಸಣಕಲಾಗಿದ್ದರು. ಇಬ್ಬರಿಗೂ ಸಂಕೋಚ. ಫೋನಿನಲ್ಲಿ ಅಷ್ಟು ಮಾತಾಡುತ್ತಿದ್ದವರು ಎದುರುಬದುರಾದಾಗ ಕಾಫಿ ಬರುವವರೆಗೂ ಕಿಟಕಿ ನೋಡಿದರು.

"ಕಾರ್ಖಾನೆ ಮಾರಿಬಿಟ್ಟೆ" ಎಂದರು ಅವರು. "ದೊಡ್ಡ ಕಂಪನಿಯವರು ತಗೊಂಡ್ರು. ಮಂಡಿ ಕೈಕೊಡ್ತು, ಮಗನಿಗೆ ಇದು ಬೇಡ. ಈ ತಿಂಗಳಿಗೆ ನಮ್ಮ ಬ್ಯಾನರ್ ಮುಗೀತು. ಏಳು ವರ್ಷದ ಲೆಕ್ಕ, ಮುಖ ತೋರಿಸದೆ ಮುಗಿಸೋದು ಸರಿ ಅನ್ನಿಸ್ಲಿಲ್ಲ."

"ಒಳ್ಳೇದಾಯ್ತು, ಇನ್ನು ಆರಾಮಾಗಿರಿ" ಎಂದಳು ಅವಳು.  ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತಾ ಕೂತಳು. ಆಮೇಲೆ, ಇನ್ನು ಈ ಮನುಷ್ಯ ಸಿಗುವುದಿಲ್ಲ ಎಂಬ ಧೈರ್ಯದಿಂದಲೋ ಏನೋ, ಒಂಬತ್ತು ವರ್ಷದಿಂದ ಯಾರನ್ನೂ ಕೇಳದ ಮಾತನ್ನು ಕೇಳಿದಳು.

"ಒಂದು ಮಾತು ಕೇಳ್ತೀನಿ. ನಿಜ ಹೇಳ್ಬೇಕು. ನನ್ನಿಂದ ಏನಾದ್ರೂ ವಾಸನೆ ಬರ್ತಿದೆಯಾ?"

ಅವರು ನಗಲಿಲ್ಲ. ಮೇಜಿನ ಮೇಲೆ ಸ್ವಲ್ಪ ಮುಂದಕ್ಕೆ ಬಾಗಿ, ಒಲೆಯ ಕೊಳವೆ ಪರೀಕ್ಷೆ ಮಾಡುವ ಗಂಭೀರತೆಯಿಂದ ಉಸಿರೆಳೆದುಕೊಂಡರು.

"ಸೋಪಿನ ವಾಸನೆ ಬರ್ತಿದೆ" ಎಂದರು. "ಸ್ವಲ್ಪ ಜಾಸ್ತೀನೇ ಬರ್ತಿದೆ. ಮತ್ತೆ ಲವಂಗ."

"ಅಷ್ಟೇನಾ?"

"ಅಷ್ಟೇ ಮೇಡಂ. ಬೇರೆ ಏನೂ ಇಲ್ಲ."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.  ಪಕ್ಕದ ಮೇಜಿನವರು ತಿರುಗಿ ನೋಡಿದಾಗ ಯಜಮಾನರು, "ನಮ್ಮನೆ ವಿಷಯ, ನೀವು ಕಾಫಿ ಕುಡೀರಿ" ಎಂದು ಗದರಿದರು. ನಾಲ್ಕೂವರೆಯ ಬಸ್ಸಿಗೆ ಅವರನ್ನು ಅವಳೇ ಹತ್ತಿಸಿದಳು. ಮಂಡಿನೋವಿಗೆ ಬಸ್ಸಿನ ಮೆಟ್ಟಿಲು ಎತ್ತರವಾಯಿತು. ಕೈ ಹಿಡಿದು ಮೇಲೆ ದೂಡಿದಳು.

ಬ್ಯಾನರಿನ ಜಾಗ ಐದು ವಾರ ಖಾಲಿ ಇತ್ತು. ಆರನೇ ವಾರ ಆ ದೊಡ್ಡ ಕಂಪನಿಯ ಪರವಾಗಿ ಒಂದು ಏಜೆನ್ಸಿಯಿಂದ ಪತ್ರ ಬಂತು. ಹಳೆಯ ಲೆಕ್ಕ ತೆಗೆದು ನೋಡಿದಾಗ, ಮಾರಾಟವಾದ ಪ್ರತಿ ನಾಲ್ಕು ಅಲಾರಮ್ಮುಗಳಲ್ಲಿ ಒಂದು ಈ ಪುಟದಿಂದಲೇ ಹೋಗಿತ್ತಂತೆ. ಮೊದಲಿನ ಮೂರು ಪಟ್ಟು ಹಣಕ್ಕೆ ಮೂರು ವರ್ಷದ ಕರಾರು ಮಾಡಿಕೊಂಡರು. ಫ್ರಿಜ್ಜಿನೊಳಗೆ ಇಡುವ ಉಷ್ಣಮಾಪಕದವರು, ಹೊಗೆ ಅಲಾರಂ ಮಾರುವವರು ಪಕ್ಕದ ಎರಡು ಸಣ್ಣ ಜಾಗ ಹಿಡಿದರು. ಒಂದು ವರ್ಷದಲ್ಲಿ ತಾಣದ ಆದಾಯ ಗೋದಾಮಿನ ಸಂಬಳವನ್ನು ದಾಟಿತು. ಅಕ್ಕ ಮೊದಲ ಸಲ, "ಏನೇ, ಕೂತಲ್ಲೇ ದುಡ್ಡು ಬರುತ್ತಂತಲ್ಲ" ಎಂದು ಆಶ್ಚರ್ಯಪಟ್ಟಳು.

ಮೂಗಕ್ಕ ಕಾರ್ಖಾನೆ ಬಿಟ್ಟಳು. ಲೇಬಲ್ ಕೋಣೆಯವನು ಮಾತ್ರ ಗೇಟಿನವರೆಗೆ ಬಂದು ಕಳಿಸಿಕೊಟ್ಟ.

ಈಗ ಸಂಖ್ಯೆಗಳನ್ನು ಯಾರಿಗೂ ಬಾಯಲ್ಲಿ ಹೇಳಬೇಕಾಗಿರಲಿಲ್ಲ. ಏಜೆನ್ಸಿಯ ಯಂತ್ರವೇ ಎಣಿಸಿಕೊಳ್ಳುತ್ತಿತ್ತು, ಹಣ ತಾನಾಗೇ ಬ್ಯಾಂಕಿಗೆ ಬೀಳುತ್ತಿತ್ತು. ಕೆಲವು ವಾರ ತರಕಾರಿ ಅಂಗಡಿಯವನ ಹತ್ತಿರ ಬಿಟ್ಟು ಬೇರೆ ಯಾರ ಹತ್ತಿರವೂ ಅವಳು ಮಾತೇ ಆಡಿರುತ್ತಿರಲಿಲ್ಲ. ಅಲಾರಂ ಯಜಮಾನರಿಗೆ ಒಮ್ಮೆ ಫೋನ್ ಮಾಡಿದ್ದಳು. ಸೊಸೆ ತೆಗೆದು, ಮಾವನವರು ಮಗಳ ಮನೆಗೆ ಹೋಗಿದ್ದಾರೆ, ಯಾರು ಅಂತ ಹೇಳಲಿ ಎಂದು ಕೇಳಿದಳು. ಏನು ಹೇಳುವುದೆಂದು ತೋಚದೆ, "ಜಾಹೀರಾತಿನವರು" ಎಂದು ಇಟ್ಟುಬಿಟ್ಟಳು.

ಅದಾದ ಮೇಲೆ ಒಂದು ದಿನ ಪುಟದ ಕೆಳಗಡೆ, ಯಾರಿಗೂ ಮಾರದ ಒಂದು ಮೂಲೆಯಲ್ಲಿ, ಹೊಸ ಸಾಲೊಂದನ್ನು ಸೇರಿಸಿದಳು: "ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡರವರೆಗೆ ಫೋನ್ ಮಾಡಬಹುದು. ಮೂಗಕ್ಕ ಮಾತಾಡುತ್ತಾಳೆ."

ಮೊದಲ ದಿನ ಯಾರೂ ಮಾಡಲಿಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನ ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಫೋನ್ ಬಡಿದುಕೊಂಡಿತು. ಎತ್ತಿದರೆ ಆಚೆ ಕಡೆ ಉಸಿರಿನ ಸದ್ದು ಬಿಟ್ಟು ಬೇರೇನಿಲ್ಲ.

"ಹೇಳಿ" ಎಂದಳು ಮೂಗಕ್ಕ.

"ನೀವು ನಿಜವಾಗ್ಲೂ ಇದ್ದೀರಾ?" ಎಂದಿತು ಒಂದು ಹೆಣ್ಣುದನಿ. "ಯಂತ್ರ ಏನಾದ್ರೂ ಮಾತಾಡುತ್ತೇನೋ ಅಂದ್ಕೊಂಡೆ."

"ಇದ್ದೀನಮ್ಮ. ಹೇಳು."

"ಇವತ್ತು ಮತ್ತೆ ಪಾತ್ರೆ ತಳ ಹಿಡೀತು ಅಕ್ಕ. ನನಗೆ ಗೊತ್ತೇ ಆಗ್ಲಿಲ್ಲ. ನಮ್ಮನೆಯವರು ತಟ್ಟೆ ದೂಡಿ ಎದ್ದುಹೋದ್ರು."

ಮೂಗಕ್ಕ ಕುರ್ಚಿ ಎಳೆದುಕೊಂಡು ಕೂತಳು. "ಅವರು ಹೋಗ್ಲಿ ಬಿಡು. ನೀನು ಉಂಡ್ಯಾ?" ಎಂದು ಕೇಳಿದಳು.